ಎಲ್ಲರೂ ‘ಸೂಪರ್’ ಅಂದ ವೆಬ್‌ಸೈಟಲ್ಲಿ ಫಾರ್ಮ್ ಮಾತ್ರ ಯಾಕೆ ತುಂಬ್ಲಿಕ್ಕೆ ಆಗುದಿಲ್ಲ?

ಪ್ರಶ್ನೆ: ಸರ್, ನಾನು ಮುಂಬೈ ಹತ್ತಿರದ ಡೊಂಬಿವಲಿಯ ಒಂದು ಕನ್ನಡ ಸಂಘದ ಕಾರ್ಯದರ್ಶಿ. ಹೋದ ವರ್ಷ ಒಳ್ಳೆ ದುಡ್ಡು ಕೊಟ್ಟು ಒಂದು ಏಜೆನ್ಸಿಯಿಂದ ಹೊಸ ವೆಬ್‌ಸೈಟ್ ಮಾಡಿಸಿದೆವು. ವಾರ್ಷಿಕೋತ್ಸವದ ದಿನ ಸ್ಟೇಜಲ್ಲಿ ದೊಡ್ಡ ಪರದೆ ಮೇಲೆ ತೋರಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದ್ರು. ಮೆಂಬರ್‌ಶಿಪ್ ರಿನ್ಯೂವಲ್, ಹಾಲ್ ಬುಕಿಂಗ್, ಜೂನಲ್ಲಿ ಶುರು ಆಗುವ ಸ್ಕಾಲರ್‌ಶಿಪ್ ಅರ್ಜಿ ಎಲ್ಲ ಅದ್ರಲ್ಲೇ. ಆದ್ರೆ ಈಗ ಆಫೀಸಿಗೆ ಫೋನ್ ಮೊದಲಿಗಿಂತ ಜಾಸ್ತಿ ಬರ್ತಾ ಉಂಟು. ಹಿರಿಯರು ಕಾಗದದ ಫಾರ್ಮೇ ಕೊಡಿ ಅಂತಾರೆ, ಅರ್ಧಕ್ಕೆ ನಿಂತ ಅರ್ಜಿಗಳು ತುಂಬ ಉಂಟು, ಕಣ್ಣು ಕಾಣದ ಒಬ್ಬ ಹುಡುಗ ಫೋನ್ ಮಾಡಿ ಎರಡನೇ ಪೇಜಿಗೇ ಹೋಗ್ಲಿಕ್ಕೆ ಆಗ್ಲಿಲ್ಲ ಅಂದ. ಏಜೆನ್ಸಿಯವ್ರು ‘ಡಿಸೈನ್ ಇಂಟರ್‌ನ್ಯಾಷನಲ್ ಲೆವೆಲ್ಲಿಂದು, ನಿಮ್ಮ ಜನಕ್ಕೆ ಟ್ರೇನಿಂಗ್ ಕೊಡಿ’ ಅಂತಾರೆ. ವರ್ಷಕ್ಕೆ ಇಷ್ಟು ಅಂತ ಕೊಟ್ರೆ ಒಂದು ಆಕ್ಸೆಸಿಬಿಲಿಟಿ ವಿಜೆಟ್, ಅಂದ್ರೆ ಅಂಗವಿಕಲರಿಗೂ ಸೈಟ್ ಬಳಸ್ಲಿಕ್ಕೆ ಆಗುವ ಹಾಗೆ ಮಾಡುವ ಸಣ್ಣ ಪ್ರೋಗ್ರಾಮ್, ಹಾಕಿ ಕೊಡ್ತಾರಂತೆ. ಕಮಿಟಿಯಲ್ಲಿ ಕೆಲವರು ಇದನ್ನ ಬಿಸಾಡಿ ಹಳೇದೇ ಹಾಕುವ ಅಂತಿದ್ದಾರೆ. ತಪ್ಪು ಯಾರದ್ದು, ಈಗ ಎಂತ ಮಾಡುದು?

ಉತ್ತರ: ತಪ್ಪು ನಿಮ್ಮ ಜನರದ್ದಲ್ಲ, ಅದನ್ನ ಮೊದ್ಲೇ ಹೇಳಿಬಿಡ್ತೇನೆ. ವಾಟ್ಸಾಪಲ್ಲಿ ಊರಿನ ಕೋಲದ ವಿಡಿಯೋ ಫಾರ್ವರ್ಡ್ ಮಾಡುವ, ತರಕಾರಿಯವನಿಗೆ ಯುಪಿಐಯಲ್ಲಿ ದುಡ್ಡು ಹಾಕುವ, ಮತ್ಸ್ಯಗಂಧ ರೈಲಿನ ಟಿಕೆಟ್ ಫೋನಲ್ಲೇ ತೆಗೆಯುವ ಜನ ನಿಮ್ಮ ಒಂದು ಫಾರ್ಮಿನ ಮುಂದೆ ಮಾತ್ರ ಇದ್ದಕ್ಕಿದ್ದ ಹಾಗೆ ದಡ್ಡರಾಗುದಿಲ್ಲ ಮಾರಾಯ್ರೆ. ಹಾಗಂತ ಸೈಟ್ ಬಿಸಾಡ್ಬೇಡಿ. ನೀವು ಕಳಿಸಿದ ಲಿಂಕನ್ನ ಫೋನಲ್ಲೂ ಲ್ಯಾಪ್‌ಟಾಪಲ್ಲೂ ತೆಗೆದು ನೋಡಿದೆ. ಫೋಟೋಗಳು ಚೆಂದ ಉಂಟು, ಪುಟದಲ್ಲಿ ಖಾಲಿ ಜಾಗ ಧಾರಾಳ ಬಿಟ್ಟಿದ್ದಾರೆ, ಮಾಡಿದವರಿಗೆ ಒಂದು ರುಚಿ ಉಂಟು ಅಂತ ಗೊತ್ತಾಗ್ತದೆ. ತೊಂದ್ರೆ ಎಂತ ಅಂದ್ರೆ ತಪ್ಪುಗಳೆಲ್ಲ ಆ ಚೆಂದದ ಅಡಿಯಲ್ಲೇ ಕೂತಿವೆ, ಚೆಂದ ಇರುದ್ರಿಂದ್ಲೇ ಇಷ್ಟು ದಿನ ಯಾರ ಕಣ್ಣಿಗೂ ಬೀಳ್ಲಿಲ್ಲ.

ಇದು ಬರೀ ನನ್ನ ಅಭಿಪ್ರಾಯ ಅಲ್ಲ. 1995ರಲ್ಲಿ ಜಪಾನಿನ ಹಿಟಾಚಿ ಡಿಸೈನ್ ಸೆಂಟರಿನ ಮಸಾಆಕಿ ಕುರೋಸು ಮತ್ತು ಕವೋರಿ ಕಾಶಿಮುರ ಅನ್ನುವ ಇಬ್ರು ಎಟಿಎಂ ಪರದೆಯ 26 ನಮೂನೆ ಮಾಡಿ 252 ಜನಕ್ಕೆ ತೋರಿಸಿದ್ರು, ಒಂದೊಂದಕ್ಕೂ ನೋಡ್ಲಿಕ್ಕೆ ಎಷ್ಟು ಚೆಂದ, ಬಳಸ್ಲಿಕ್ಕೆ ಎಷ್ಟು ಸುಲಭ ಅಂತ ಮಾರ್ಕ್ ಹಾಕಿಸಿದ್ರು. ಜನ ಯಾವುದನ್ನ ‘ಸುಲಭ’ ಅಂದ್ರು ಅಂತ ನೋಡಿದ್ರೆ, ನಿಜವಾಗಿ ಸುಲಭ ಇದ್ದದ್ದಕ್ಕಿಂತ ಹೆಚ್ಚಾಗಿ ನೋಡ್ಲಿಕ್ಕೆ ಚೆಂದ ಇದ್ದದ್ದನ್ನೇ. ನೋಮ್ ಟ್ರಾಕ್ಟಿನ್‌ಸ್ಕಿ ಅನ್ನುವವ್ರು ಇದನ್ನ ಇಸ್ರೇಲಲ್ಲಿ ಮತ್ತೆ ಮಾಡಿ 1997ರಲ್ಲಿ ಪ್ರಕಟಿಸಿದ್ರು, ಅಲ್ಲೂ ಅದೇ ಬಂತು, ಇನ್ನೂ ಜೋರಾಗಿ ಬಂತು. ನಿಮ್ಮ ವಾರ್ಷಿಕೋತ್ಸವದ ಚಪ್ಪಾಳೆಯೂ ಇದೇ ಲೆಕ್ಕ. ಕತ್ತಲೆ ಮಾಡಿದ ಹಾಲು, ಹತ್ತು ಅಡಿಯ ಪರದೆ, ಏಜೆನ್ಸಿಯವನೇ ಮೌಸ್ ಹಿಡ್ಕೊಂಡಿದ್ದಾನೆ, ಜನ ಕುರ್ಚಿಯಲ್ಲಿ ಆರಾಮ. ಅಲ್ಲಿ ಯಾರಿಗೂ ಒಂದು ಕೆಲಸ ಮುಗಿಸ್ಬೇಕು ಅಂತ ಇರ್ಲಿಲ್ಲ. ಚೆಂದದ ಸೈಟಿನದ್ದು ಇನ್ನೊಂದು ಕಿರಿಕಿರಿ ಉಂಟು, ಅದ್ರಲ್ಲಿ ಸಿಕ್ಕಿಬಿದ್ದವ್ರು ಸೈಟನ್ನ ಬಯ್ಯುದಿಲ್ಲ, ‘ನಂಗೇ ಗೊತ್ತಾಗ್ಲಿಲ್ಲ’ ಅಂತ ಸುಮ್ನೆ ಆಫೀಸಿಗೆ ಫೋನ್ ಮಾಡ್ತಾರೆ. ಹಾಗಾಗಿ ನಿಮ್ಮ ಆಫೀಸಿನ ಫೋನ್ ರಿಂಗ್ ಆಗುದನ್ನೇ ಕಂಪ್ಲೇಂಟ್ ಅಂತ ಲೆಕ್ಕ ಹಾಕಿ.

ಈಗ ಒಂದೊಂದಾಗಿ ಹೇಳ್ತೇನೆ, ಮೊದ್ಲು ಅಕ್ಷರದ ಬಣ್ಣ. ನಿಮ್ಮ ಸೈಟಲ್ಲಿ ಬಿಳಿ ಹಿನ್ನೆಲೆ ಮೇಲೆ ತೆಳ್ಳಗಿನ ಬೂದು ಅಕ್ಷರ ಉಂಟಲ್ಲ, ಡಿಸೈನರಿಗೆ ಅದು ‘ಸಾಫ್ಟ್’ ಅನ್ನಿಸ್ತದೆ, ಅವನ ಮುಂದೆ ಇರುದು ದುಬಾರಿ ಮಾನಿಟರ್, ಅವನ ವಯಸ್ಸು ಇಪ್ಪತ್ತಾರು. ನಲವತ್ತು ದಾಟಿದ ಮೇಲೆ ಹತ್ತಿರದ್ದು ಓದುದು ಎಲ್ಲರಿಗೂ ಕಷ್ಟ ಆಗ್ತಾ ಹೋಗ್ತದೆ, ಮತ್ತೆ ಕಣ್ಣಿನ ಮಸೂರ ಹಳದಿಗಟ್ಟಿ ಒಳಗೆ ಹೋಗುವ ಬೆಳಕೂ ಕಮ್ಮಿ ಆಗ್ತದೆ, ಅದರ ಮೇಲೆ ಪ್ಲಾಟ್‌ಫಾರ್ಮಿನ ಬಿಸಿಲಲ್ಲಿ ಬ್ರೈಟ್‌ನೆಸ್ ಇಳಿಸಿಟ್ಟ ಫೋನ್. ಇದಕ್ಕೆ ಅಳತೆ ಉಂಟು, ಅಭಿಪ್ರಾಯದ ಜಗಳ ಬೇಡ. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ವ್ಯತ್ಯಾಸಕ್ಕೆ ಕಾಂಟ್ರಾಸ್ಟ್ ಅಂತಾರೆ, ಬಿಳಿ ಮೇಲೆ ಕಪ್ಪು ಅಂದ್ರೆ ಅದು 21:1, ಒಂದೇ ಬಣ್ಣದ ಮೇಲೆ ಅದೇ ಬಣ್ಣ ಅಂದ್ರೆ 1:1. ವೆಬ್‌ಸೈಟನ್ನ ಅಂಗವಿಕಲರೂ ಬಳಸುವ ಹಾಗೆ ಮಾಡ್ಲಿಕ್ಕೆ ಡಬ್ಲ್ಯುಸಿಎಜಿ ಅಂತ ಜಗತ್ತೆಲ್ಲ ಒಪ್ಪಿದ ನಿಯಮಾವಳಿ ಉಂಟು, ಅದರ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕಮ್ಮಿ ಅಂದ್ರೂ 4.5:1 ಬೇಕು, ದೊಡ್ಡ ಹೆಡಿಂಗಿಗೆ 3:1 ಸಾಕು. ನಿಮ್ಮಲ್ಲಿ ಹಾಕಿದ ಬೂದು ಬಣ್ಣದ ಕೋಡ್ ನಂಬರ್ #999999, ಅದು ಬಿಳಿ ಮೇಲೆ 2.85 ಬರ್ತದೆ. ಅದನ್ನ #767676 ಮಾಡಿದ್ರೆ 4.5 ದಾಟ್ತದೆ, #595959 ಮಾಡಿದ್ರೆ 7 ಬರ್ತದೆ. ಇಷ್ಟೇ, ಒಂದು ನಂಬರ್ ಬದಲಾಯಿಸುದು, ಸೈಟಿನ ಚೆಂದ ಎಲ್ಲೂ ಹೋಗುದಿಲ್ಲ. ಇದು ನಿಮ್ಮೊಬ್ಬರ ಕತೆಯೂ ಅಲ್ಲ, ವೆಬ್‌ಏಮ್ ಅನ್ನುವ ಅಮೆರಿಕದ ಸಂಸ್ಥೆ ಪ್ರತಿ ವರ್ಷ ಹತ್ತು ಲಕ್ಷ ಹೋಮ್‌ಪೇಜ್ ಪರೀಕ್ಷೆ ಮಾಡ್ತದೆ, 2025ರಲ್ಲಿ ಅದರಲ್ಲಿ 79% ಪುಟಗಳಲ್ಲಿ ಮಂಕು ಅಕ್ಷರದ ತಪ್ಪು ಸಿಕ್ಕಿತ್ತು.

ನಮ್ಮ ಸಂಘಗಳದ್ದೇ ಒಂದು ವಿಶೇಷ ಕಾಯಿಲೆ ಉಂಟು, ಅರಿಶಿನ ಕುಂಕುಮ. ಬಾವುಟದ ಬಣ್ಣ ಅಂತ ಅಪ್ಪಟ ಹಳದಿ ಮೇಲೆ ಅಪ್ಪಟ ಕೆಂಪಲ್ಲಿ ಬರೀತಾರೆ. ಅದರ ಕಾಂಟ್ರಾಸ್ಟ್ ಸುಮಾರು 3.7. ಸಂಘದ ಹೆಸರಿಗೆ, ದೊಡ್ಡ ಹೆಡಿಂಗಿಗೆ ನಡೀತದೆ, ಸಣ್ಣ ಅಕ್ಷರದ ನೋಟಿಸಿಗೆ ನಡೆಯುದಿಲ್ಲ. ಕೆಂಪನ್ನ ಸ್ವಲ್ಪ ಗಾಢ ಮಾಡಿ, ಕುಂಕುಮದ ಬಣ್ಣ ನಿಜವಾಗಿ ಗಾಢವೇ ಅಲ್ವಾ, ಆಗ ಸರಿಯಾಗ್ತದೆ. ಬಿಳಿ ಮೇಲೆ ಹಳದಿ ಅಕ್ಷರ ಮಾತ್ರ ಬೇಡವೇ ಬೇಡ, ಅದು ಲೆಕ್ಕಕ್ಕೇ ಸಿಗುದಿಲ್ಲ. ಮತ್ತೆ ಹೋಮ್‌ಪೇಜಿನಲ್ಲಿ ಯಕ್ಷಗಾನದ ಫೋಟೋ ಮೇಲೆ ಬಿಳಿ ಅಕ್ಷರ ಹಾಕಿದ್ದೀರಲ್ಲ, ಲ್ಯಾಪ್‌ಟಾಪಲ್ಲಿ ಅಕ್ಷರ ಕಪ್ಪು ಪರದೆ ಭಾಗದ ಮೇಲೆ ಬರ್ತದೆ, ಸರಿ ಕಾಣ್ತದೆ, ಫೋನಲ್ಲಿ ಫೋಟೋ ಕಟ್ ಆಗಿ ಅದೇ ಅಕ್ಷರ ವೇಷದ ಕಿರೀಟದ ಮಿಂಚಿನ ಮೇಲೆ ಕೂರ್ತದೆ, ಒಂದಕ್ಷರ ಓದ್ಲಿಕ್ಕಾಗುದಿಲ್ಲ. ಫೋಟೋ ತೆಗೀಬೇಕಾಗಿಲ್ಲ, ಅಕ್ಷರದ ಹಿಂದೆ ಒಂದು ಗಾಢ ಪಟ್ಟಿ ಹಾಕಿ ಅಂತ ಹೇಳಿ.

ಎರಡನೇದು ಕನ್ನಡ. ಇದ್ರ ಬಗ್ಗೆ ನಂಗೆ ಸ್ವಲ್ಪ ಸಿಟ್ಟೇ ಉಂಟು. ಈ ಟೆಂಪ್ಲೇಟ್‌ಗಳನ್ನೆಲ್ಲ ಮಾಡಿದ್ದು ಇಂಗ್ಲಿಷ್ ಅಕ್ಷರ ಇಟ್ಕೊಂಡು, ಅದಕ್ಕೆ ತಲೆ ಬಾಲ ಕಮ್ಮಿ, ಸಾಲು ಸಾಲಿನ ನಡುವೆ ಒತ್ತೊತ್ತಾಗಿ ಇಟ್ರೂ ನಡೀತದೆ. ನಮ್ಮದ್ರಲ್ಲಿ ಒತ್ತಕ್ಷರ ಕೆಳಗಿಳೀತದೆ, ‘ರಾಷ್ಟ್ರ’, ‘ಸ್ತ್ರೀ’ ಅಂತ ಬಂದ್ರೆ ಒತ್ತಿನ ಕೆಳಗೆ ಇನ್ನೊಂದು ಒತ್ತು. ನಿಮ್ಮ ಸೈಟಲ್ಲಿ ‘ವಿದ್ಯಾರ್ಥಿವೇತನ’ದ ಬಟನ್ ನೋಡಿ, ಬಟನ್ನಿನ ಎತ್ತರ ಫಿಕ್ಸ್ ಮಾಡಿ ಹೊರಗೆ ಹೋದದ್ದನ್ನ ಕತ್ತರಿಸು ಅಂತ ಕೋಡ್ ಬರೆದಿದ್ದಾರೆ, ಒತ್ತುಗಳ ಕಾಲು ತುಂಡಾಗಿದೆ. ಸಾಲಿನ ಎತ್ತರ ಅಕ್ಷರದ ಒಂದೂವರೆ ಪಟ್ಟಿಗಿಂತ ಹೆಚ್ಚೇ ಇರ್ಲಿ, ಗಾತ್ರ ಇಂಗ್ಲಿಷಿಗೆ 16 ಇದ್ರೆ ಕನ್ನಡಕ್ಕೆ 18 ಕೊಡಿ. ಅಕ್ಷರಗಳ ನಡುವೆ ಅಂತರ ಬಿಡುವ ಫ್ಯಾಷನ್ ಉಂಟಲ್ಲ, ಇಂಗ್ಲಿಷ್ ಕ್ಯಾಪಿಟಲ್ ಅಕ್ಷರಕ್ಕೆ ಅದು ಶೋಭೆ, ಕನ್ನಡದಲ್ಲಿ ಪದವೇ ಚೆಲ್ಲಾಪಿಲ್ಲಿ ಆಗ್ತದೆ, ತೆಗೆಸಿ.

ಇನ್ನೊಂದು ದೊಡ್ಡ ತಮಾಷೆ ಆ ಹೆಡಿಂಗಿನ ಅನಿಮೇಷನ್. ಒಂದೊಂದೇ ಅಕ್ಷರ ಹಾರಿಕೊಂಡು ಬಂದು ಕೂರುವ ಹಾಗೆ ಮಾಡ್ಲಿಕ್ಕೆ ಕೋಡಲ್ಲಿ ಪದವನ್ನ ತುಂಡು ತುಂಡು ಮಾಡ್ತಾರೆ. ಇಂಗ್ಲಿಷಲ್ಲಿ ಒಂದು ತುಂಡು ಅಂದ್ರೆ ಒಂದು ಅಕ್ಷರ, ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡದ ‘ನ್ನ’ ಅಂದ್ರೆ ನ, ಹಲಂತ, ಮತ್ತೊಂದು ನ, ಹೀಗೆ ಮೂರು ತುಂಡು. ಹಾಗೆ ಒಡೆದದ್ರಿಂದ ‘ಕನ್ನಡ’ ಅನ್ನುವ ಪದದ ಒತ್ತೇ ಕಳಚಿ ಪಕ್ಕದಲ್ಲಿ ಚುಕ್ಕಿ ವೃತ್ತದ ಜೊತೆ ನಿಂತಿದೆ, ಅದೂ ಕನ್ನಡ ಸಂಘದ ಹೋಮ್‌ಪೇಜಿನಲ್ಲಿ! ಯಾರೂ ಹೇಳ್ಲಿಲ್ವಾ? ಹೇಳಿರ್ಲಿಕ್ಕಿಲ್ಲ, ಅನಿಮೇಷನ್ ಅಷ್ಟು ಚೆಂದ ಉಂಟು. ಪೂರ್ತಿ ಪದವನ್ನೇ ಒಟ್ಟಿಗೆ ತರುವ ಅನಿಮೇಷನ್ ಮಾಡ್ಲಿಕ್ಕೆ ಆಗ್ತದೆ, ಅಷ್ಟು ಆಸೆ ಇದ್ರೆ ಅದನ್ನ ಮಾಡ್ಲಿ. ಫಾಂಟಿಗೆ ಬಡತನ ಇಲ್ಲ, ನೋಟೋ ಸಾನ್ಸ್ ಕನ್ನಡ ಓದುವ ಪಠ್ಯಕ್ಕೆ ಒಳ್ಳೇದು, ಹೆಡಿಂಗಿಗೆ ಗುಂಡುಗುಂಡಗೆ ಬೇಕಾದ್ರೆ ನಮ್ಮ ಮುಂಬೈಯ ಏಕ್ ಟೈಪ್ ಅನ್ನುವ ಫಾಂಟ್ ಮಾಡುವವ್ರೇ ಮಾಡಿದ ಬಾಲೂ ತಮ್ಮ ಉಂಟು, ಎರಡೂ ಫ್ರೀ.

ನೋಟಿಸುಗಳನ್ನ ಪೂರ್ತಿ ಫೋಟೋ ಮಾಡಿ ಹಾಕ್ತೀರಲ್ಲ, ಡಿಸೈನ್ ಮಾಡಿದ ಪೋಸ್ಟರ್, ಅದನ್ನ ಸ್ಕ್ರೀನ್ ರೀಡರ್, ಅಂದ್ರೆ ಕಣ್ಣು ಕಾಣದವರಿಗೆ ಪುಟವನ್ನ ಓದಿ ಹೇಳುವ ಸಾಫ್ಟ್‌ವೇರ್, ಓದುದಿಲ್ಲ, ಗೂಗಲ್ಲಲ್ಲಿ ಹುಡುಕಿದ್ರೂ ಸರಿಯಾಗಿ ಸಿಗುದಿಲ್ಲ, ಝೂಮ್ ಮಾಡಿದ್ರೆ ಮಸುಕಾಗ್ತದೆ. ಪೋಸ್ಟರ್ ಇರ್ಲಿ, ಅದರ ಕೆಳಗೆ ದಿನಾಂಕ, ಸಮಯ, ಜಾಗ ಟೈಪ್ ಮಾಡಿ ಹಾಕಿ. ಹಳೇ ಬೈಲಾ ಪಿಡಿಎಫ್ ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥ ಆಗುವ ಅಕ್ಷರದ ಕೋಡ್) ಅಲ್ಲದ ಹಳೇ ಫಾಂಟಲ್ಲಿ ಉಂಟು, ಕಣ್ಣಿಗೆ ಕನ್ನಡ ಕಂಡ್ರೂ ಕಂಪ್ಯೂಟರಿಗೆ ಅದು ಅರ್ಥ ಇಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ. ಅದನ್ನ ಯುನಿಕೋಡಿಗೆ ಕನ್ವರ್ಟ್ ಮಾಡಿಸ್ಬೇಕು. ತುರ್ತಿಲ್ಲ, ಮಳೆಗಾಲದಲ್ಲಿ ಯಾರಾದ್ರೂ ಹುಡುಗರಿಗೆ ಕೊಡಿ.

ಈಗ ಫಾರ್ಮಿಗೆ ಬರುವ, ನಿಮ್ಮ ಅಸಲು ನೋವು ಇದೇ ಅಲ್ವಾ. ಡಬ್ಬಿಯ ಒಳಗೇ ಬೂದು ಬಣ್ಣದಲ್ಲಿ ‘ತಂದೆಯ ಹೆಸರು’ ಅಂತ ಬರೆದಿದ್ದಾರೆ, ಮೇಲೆ ಬೇರೆ ಲೇಬಲ್ ಇಲ್ಲ. ನೋಡ್ಲಿಕ್ಕೆ ಕ್ಲೀನ್. ಟೈಪ್ ಮಾಡ್ಲಿಕ್ಕೆ ಶುರು ಮಾಡಿದ ಕೂಡ್ಲೇ ಅದು ಮಾಯ, ನಡುವೆ ಫೋನ್ ಬಂತು, ಮಾತಾಡಿ ವಾಪಸ್ ಬಂದ್ರೆ ಇದು ತಂದೆಯ ಹೆಸರಾ ಪೋಷಕರ ಹೆಸರಾ ಅಂತ ಗೊತ್ತಾಗುದಿಲ್ಲ. ಕೆಲವರು ಆ ಬೂದು ಅಕ್ಷರ ನೋಡಿ ಇದು ಮೊದ್ಲೇ ತುಂಬಿ ಆಗಿದೆ ಅಂದ್ಕೊಂಡು ಮುಂದೆ ಹೋಗ್ತಾರೆ. ಪ್ರತಿ ಡಬ್ಬಿಯ ಮೇಲೆ ಖಾಯಂ ಲೇಬಲ್ ಬೇಕು, ಪುಟ ನಾಲ್ಕು ಇಂಚು ಉದ್ದ ಆದ್ರೂ ಪರ್ವಾಗಿಲ್ಲ. ಜನ್ಮದಿನಾಂಕಕ್ಕೆ ಕ್ಯಾಲೆಂಡರ್ ತೆರೀತದೆ, ಅದು ಇವತ್ತಿನ ತಿಂಗಳಿಂದ ಶುರು, 1956ರಲ್ಲಿ ಹುಟ್ಟಿದ ನಿಮ್ಮ ಹಿರಿಯ ಸದಸ್ಯರು ತಿಂಗಳು ತಿಂಗಳು ಹಿಂದೆ ಒತ್ತುತ್ತಾ ಎಂಟುನೂರಕ್ಕಿಂತ ಹೆಚ್ಚು ಸಲ ಆ ಬಾಣ ಒತ್ತಬೇಕು, ಇದನ್ನ ಮಾಡಿದವನಿಗೆ ತನ್ನ ಅಜ್ಜನ ನೆನಪೇ ಆಗ್ಲಿಲ್ವಾ ಅಂತ! ದಿನ, ತಿಂಗಳು, ವರ್ಷ ಅಂತ ಮೂರು ಡಬ್ಬಿ ಕೊಟ್ಟು ಟೈಪ್ ಮಾಡ್ಲಿಕ್ಕೆ ಬಿಟ್ರೆ ಮುಗೀತು.

ತಪ್ಪು ತುಂಬಿದ್ರೆ ಡಬ್ಬಿಯ ಅಂಚು ಕೆಂಪಾಗ್ತದೆ, ಅಷ್ಟೇ, ಒಂದು ಮಾತಿಲ್ಲ. ಕೆಂಪು ಹಸಿರು ಬೇರೆ ಮಾಡ್ಲಿಕ್ಕೆ ಆಗದ ಗಂಡಸರು ಸುಮಾರು ಜನ ಇದ್ದಾರೆ, ಕಣ್ಣು ಸರಿ ಇದ್ದವ್ರಿಗೂ ಎಂತ ತಪ್ಪು ಅಂತ ಗೊತ್ತಾಗ್ಬೇಕಲ್ಲ. ನಮ್ಮ ಲೋಕಲ್ ಸ್ಟೇಷನ್ನಲ್ಲಿ ದಿವ್ಯಾಂಗರ ಡಬ್ಬಿ ನಿಲ್ಲುವ ಕಡೆ ಬೋರ್ಡೂ ಇರ್ತದೆ, ಬೀಪ್ ಬೀಪ್ ಅಂತ ಸದ್ದೂ ಬರ್ತದೆ, ಕಣ್ಣಿಗೊಂದು ಕಿವಿಗೊಂದು. ಫಾರ್ಮಲ್ಲೂ ಅದೇ ತರ, ಬಣ್ಣದ ಜೊತೆ ಮಾತೂ ಬೇಕು, ‘ಪಿನ್‌ಕೋಡಲ್ಲಿ ಆರು ಅಂಕೆ ಇರ್ಬೇಕು, ನೀವು ಐದು ಹಾಕಿದ್ದೀರಿ’ ಅಂತ ಆ ಡಬ್ಬಿಯ ಪಕ್ಕದಲ್ಲೇ. ಮತ್ತೆ ಒಂದು ತಪ್ಪಿಗೆ ಇಡೀ ಫಾರ್ಮ್ ಖಾಲಿ ಆಗ್ತದೆ ನಿಮ್ಮದ್ರಲ್ಲಿ. ಅರ್ಧಕ್ಕೆ ನಿಂತ ಅರ್ಜಿಗಳಲ್ಲಿ ಹೆಚ್ಚಿನವಕ್ಕೆ ಇದೊಂದೇ ಕಾರಣ ಅಂತ ನಂಗೆ ಅನ್ನಿಸ್ತದೆ, ಮಾರ್ಕ್ಸ್‌ಕಾರ್ಡ್ ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡಿದ ಮೇಲೆ ಎಲ್ಲ ಅಳಿಸಿ ಹೋದ್ರೆ ಯಾರು ಎರಡನೇ ಸಲ ಕೂರ್ತಾರೆ? ಎರಡನೇ ಪುಟದಲ್ಲಿ ಅದೇ ವಿಳಾಸ, ಅದೇ ಫೋನ್ ನಂಬರ್ ಮತ್ತೆ ಕೇಳ್ತಾರೆ, ಅದೂ ಬೇಡ, ಒಮ್ಮೆ ಕೊಟ್ಟ ಮಾಹಿತಿಯನ್ನ ಸುಮ್ನೆ ಮತ್ತೆ ಕೇಳ್ಬಾರ್ದು ಅಂತ 2023ರ ಅಕ್ಟೋಬರಲ್ಲಿ ಬಂದ ಡಬ್ಲ್ಯುಸಿಎಜಿ 2.2ರಲ್ಲೇ ಉಂಟು. ಅದೇ 2.2ರಲ್ಲಿ ಒತ್ತುವ ಜಾಗ ಕಮ್ಮಿ ಅಂದ್ರೂ 24 ಪಿಕ್ಸೆಲ್ ಅಗಲ ಎತ್ತರ ಇರ್ಬೇಕು ಅಂತ ಉಂಟು, ಆಪಲ್ ತನ್ನ ಡಿಸೈನರುಗಳಿಗೆ ಹೇಳುದು 44, ಆಂಡ್ರಾಯ್ಡಿಗೆ ಗೂಗಲ್ ಹೇಳುದು 48. ಒಂದು ಕೈಯಲ್ಲಿ ಹ್ಯಾಂಡಲ್ ಹಿಡ್ಕೊಂಡು ಇನ್ನೊಂದು ಕೈಯ ಹೆಬ್ಬೆರಳಲ್ಲಿ ನಿಮ್ಮ ಫಾರ್ಮಿನ ಟಿಕ್ ಡಬ್ಬಿ ಒತ್ತಿ ನೋಡಿ, ಸಂಜೆ ಲೋಕಲ್ಲಲ್ಲಿ, ಆಗ 48 ಯಾಕೆ ಅಂತ ಅರ್ಥ ಆಗ್ತದೆ.

ಆ ಹುಡುಗನ ವಿಷಯ. ಕಣ್ಣು ಕಾಣದವ್ರು ಕಂಪ್ಯೂಟರ್ ಬಳಸುದು ಸ್ಕ್ರೀನ್ ರೀಡರಲ್ಲಿ, ವಿಂಡೋಸಲ್ಲಿ ಎನ್‌ವಿಡಿಎ ಅಂತ ಫ್ರೀ ಸಿಗ್ತದೆ, ಆಂಡ್ರಾಯ್ಡಲ್ಲಿ ಟಾಕ್‌ಬ್ಯಾಕ್, ಐಫೋನಲ್ಲಿ ವಾಯ್ಸ್‌ಓವರ್. ಅದು ಪರದೆಯ ಚಿತ್ರ ನೋಡುದಿಲ್ಲ, ಹಿಂದಿರುವ ಕೋಡನ್ನ ಓದ್ತದೆ. ಕೋಡಲ್ಲಿ ‘ಇದು ಬಟನ್’ ಅಂತ ಬರೆದಿದ್ರೆ ‘ಮುಂದೆ, ಬಟನ್’ ಅಂತ ಹೇಳ್ತದೆ, ಕೀಬೋರ್ಡಿನ ಟ್ಯಾಬ್ ಒತ್ತಿದ್ರೆ ಅಲ್ಲಿಗೆ ಹೋಗ್ತದೆ, ಎಂಟರ್ ಒತ್ತಿದ್ರೆ ಕೆಲಸ ಮಾಡ್ತದೆ. ನಿಮ್ಮ ‘ಮುಂದೆ’ ಬಟನ್ ನಿಜವಾಗಿ ಬಟನ್ನೇ ಅಲ್ಲ, ಸಾದಾ ಒಂದು ಚೌಕಕ್ಕೆ ಗ್ರೇಡಿಯಂಟ್ ಬಣ್ಣ ಬಳಿದು ಮೌಸ್ ಒತ್ತಿದ್ರೆ ಮುಂದೆ ಹೋಗು ಅಂತ ಮಾಡಿದ್ದಾರೆ. ಕಣ್ಣಿದ್ದವನಿಗೆ ವ್ಯತ್ಯಾಸ ಗೊತ್ತಾಗುದಿಲ್ಲ. ಆ ಹುಡುಗನ ಟ್ಯಾಬ್ ಅದನ್ನ ಹಾರಿ ನೇರ ಕೆಳಗಿನ ಫೇಸ್‌ಬುಕ್ ಲಿಂಕಿಗೆ ಹೋಗ್ತದೆ. ಅವನ ಪಾಲಿಗೆ ಆ ಬಟನ್ ಹುಟ್ಟಿಯೇ ಇಲ್ಲ. ಮೇಲಿಂದ ಫೋಟೋ ಇರುವ ಕಡೆ ಫೈಲಿನ ಹೆಸರು ಓದ್ತದೆ, ಐಎಂಜಿ ಅಂಡರ್‌ಸ್ಕೋರ್ ಎರಡು ಸಾವಿರದ ಎಷ್ಟೋ ಅಂತ. ಫೋಟೋಗಳಿಗೆ ಒಂದು ಸಾಲಿನ ವಿವರಣೆ ಬರೆಯಿರಿ, ಬರೀ ಅಲಂಕಾರದ ಬಳ್ಳಿ ರಂಗೋಲಿ ಆದ್ರೆ ವಿವರಣೆ ಖಾಲಿ ಬಿಡಿ, ರೀಡರ್ ಅದನ್ನ ದಾಟಿ ಹೋಗ್ತದೆ.

ಭಾಷೆಯದ್ದೂ ಉಂಟು. ಕೋಡಿನ ಮೊದಲ ಸಾಲಲ್ಲಿ ಈ ಪುಟ ಯಾವ ಭಾಷೆ ಅಂತ ಹೇಳ್ಬೇಕು, ನಿಮ್ಮದ್ರಲ್ಲಿ ಕನ್ನಡ ಪುಟಕ್ಕೂ ಇಂಗ್ಲಿಷ್ ಅಂತಲೇ ಉಂಟು. ಹಾಗಾದ್ರೆ ರೀಡರ್ ಇಂಗ್ಲಿಷ್ ದನಿಯಲ್ಲೇ ಕನ್ನಡ ಓದ್ಲಿಕ್ಕೆ ಹೋಗಿ ತಡವರಿಸ್ತದೆ, ಇಲ್ಲಾ ಸುಮ್ಮನಾಗ್ತದೆ. ಕನ್ನಡ ಪುಟಕ್ಕೆ ಕನ್ನಡ, ಮರಾಠಿ ಪುಟಕ್ಕೆ ಮರಾಠಿ ಅಂತ ಸರಿ ಮಾಡುದು ಐದು ನಿಮಿಷದ ಕೆಲಸ, ಎನ್‌ವಿಡಿಎ ಜೊತೆ ಬರುವ ಇಸ್ಪೀಕ್ ದನಿಯಲ್ಲಿ ಕನ್ನಡ ಉಂಟು, ದನಿ ಸ್ವಲ್ಪ ಯಂತ್ರದ ಹಾಗೆ, ಆದ್ರೂ ಅಭ್ಯಾಸ ಆದವರಿಗೆ ಧಾರಾಳ ಸಾಕು.

ಕೀಬೋರ್ಡ್ ಹೇಳುವಾಗ ಇನ್ನೊಂದು. ಟ್ಯಾಬ್ ಒತ್ತಿದಾಗ ಈಗ ಎಲ್ಲಿದ್ದೇವೆ ಅಂತ ತೋರಿಸುವ ಒಂದು ಗೆರೆ ಬ್ರೌಸರ್ ತಾನಾಗಿಯೇ ಹಾಕ್ತದೆ, ಡಿಸೈನರುಗಳಿಗೆ ಅದು ಅಸಹ್ಯ, ತೆಗೆದುಬಿಡ್ತಾರೆ. ಕೈ ನಡುಗುವವ್ರು, ಮೌಸ್ ಹಿಡೀಲಿಕ್ಕೆ ಆಗದವ್ರು ಆ ಗೆರೆ ನೋಡಿಕೊಂಡೇ ಮುಂದೆ ಹೋಗುದು. ಗೆರೆಯನ್ನ ನಿಮ್ಮ ಕುಂಕುಮದ ಬಣ್ಣದಲ್ಲೇ ದಪ್ಪಗೆ ಹಾಕ್ಲಿ, ಚೆಂದವೇ ಕಾಣ್ತದೆ.

ಓಡಾಡುವ ಸಂಗತಿಗಳ ಬಗ್ಗೆ ಹೆಚ್ಚು ಹೇಳುದಿಲ್ಲ. ತಾನಾಗಿ ತಿರುಗುವ ಬ್ಯಾನರ್ ಐದು ಸೆಕೆಂಡಿಗಿಂತ ಹೆಚ್ಚು ಓಡ್ತಾ ಇದ್ರೆ ಅದನ್ನ ನಿಲ್ಲಿಸ್ಲಿಕ್ಕೆ ಬಟನ್ ಇರ್ಬೇಕು, ಇದು ನಿಯಮ. ನಿಮ್ಮಲ್ಲಿ ಓದಿ ಮುಗಿಸುವ ಮೊದ್ಲೇ ಮುಂದಿನದ್ದು ಬರ್ತದೆ, ಅಧ್ಯಕ್ಷರ ಫೋಟೋ ಒಂದು ಬಿಟ್ಟು, ಅದು ಯಾಕೋ ನಿಧಾನ ಉಂಟು! ಸ್ಕ್ರೋಲ್ ಮಾಡಿದ್ರೆ ಪುಟ ಜಾರಿ ಜಾರಿ ಬೇರೆ ಬೇರೆ ವೇಗದಲ್ಲಿ ಚಲಿಸುದು ಕೆಲವರಿಗೆ ನಿಜವಾಗಿ ತಲೆ ಸುತ್ತು ಬರಿಸ್ತದೆ, ಕಿವಿಯ ಒಳಗಿನ ಬ್ಯಾಲೆನ್ಸ್ ತೊಂದ್ರೆ ಇದ್ದವರಿಗೆ ವಾಂತಿ ಬರುವಷ್ಟು. ಅಂಥವ್ರು ಫೋನಿನ ಸೆಟ್ಟಿಂಗಲ್ಲಿ ಅನಿಮೇಷನ್ ಕಮ್ಮಿ ಮಾಡು ಅಂತ ಇಟ್ಟಿರ್ತಾರೆ, ಸೈಟ್ ಅದನ್ನ ಕೇಳಿ ನಡ್ಕೊಳ್ಳುವ ಹಾಗೆ ಮಾಡ್ಲಿಕ್ಕೆ ಕೋಡಲ್ಲಿ ದಾರಿ ಉಂಟು. ಝೂಮ್ ಮಾಡ್ಲಿಕ್ಕೆ ಆಗದ ಹಾಗೆ ಲಾಕ್ ಮಾಡಿದ್ದಾರೆ, ಅದನ್ನ ಇವತ್ತೇ ಬಿಡಿಸಿ. ವಿಡಿಯೋಗಳಿಗೆ ಕ್ಯಾಪ್ಷನ್ ಇಲ್ಲ, ಕಿವಿ ಕೇಳದವರಿಗೂ ಬೇಕು, ಲೋಕಲ್ಲಲ್ಲಿ ಇಯರ್‌ಫೋನ್ ಮರೆತವರಿಗೂ ಬೇಕು.

ವಿಜೆಟ್ ಬಗ್ಗೆ ಕೇಳಿದ್ರಿ. ತಗೊಳ್ಬೇಡಿ. ಮೂಲೆಯಲ್ಲಿ ಒಂದು ಗಾಲಿಕುರ್ಚಿಯ ಚಿಹ್ನೆ ಬರ್ತದೆ, ಒತ್ತಿದ್ರೆ ಅಕ್ಷರ ದೊಡ್ಡದು, ಬಣ್ಣ ಬೇರೆ, ಹೀಗೆ ಹತ್ತಿಪ್ಪತ್ತು ಸೌಲಭ್ಯ. ಅದರಲ್ಲಿ ಹೆಚ್ಚಿನದ್ದು ಜನರ ಫೋನಲ್ಲಿ, ಬ್ರೌಸರಲ್ಲಿ ಮೊದ್ಲೇ ಉಂಟು, ಬೇಕಾದವ್ರು ತಮ್ಮದನ್ನ ತಮಗೆ ಬೇಕಾದ ಹಾಗೆ ಸೆಟ್ ಮಾಡಿಕೊಂಡೇ ಇರ್ತಾರೆ. ಬಟನ್ನೇ ಅಲ್ಲದ ಬಟನ್ನನ್ನ, ಲೇಬಲ್ಲೇ ಇಲ್ಲದ ಡಬ್ಬಿಯನ್ನ ಹೊರಗಿಂದ ಒಂದು ಸಾಲು ಕೋಡ್ ಸೇರಿಸಿ ನೆಚ್ಚಿಕೊಳ್ಳುವ ಹಾಗೆ ಸರಿ ಮಾಡ್ಲಿಕ್ಕಾಗುದಿಲ್ಲ, ಕೆಲವು ಸಲ ಅದೇ ಸ್ಕ್ರೀನ್ ರೀಡರಿಗೆ ಅಡ್ಡ ಬರ್ತದೆ. ಇಂಥದ್ದನ್ನ ಮಾರುವ ಒಂದು ಕಂಪನಿ, ನಮ್ಮದು ಹಾಕಿದ್ರೆ ಯಾವ ಸೈಟೂ ನಿಯಮಕ್ಕೆ ತಕ್ಕ ಹಾಗೆ ಆಗ್ತದೆ ಅಂತ ಹೇಳಿಕೊಂಡದ್ದಕ್ಕೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ ಹತ್ತು ಲಕ್ಷ ಡಾಲರ್ ಕಟ್ಟಿಸಿಕೊಂಡಿತು. ವರ್ಷ ವರ್ಷ ಅದಕ್ಕೆ ಕೊಡುವ ದುಡ್ಡಲ್ಲಿ ಫಾರ್ಮ್ ಒಂದ್ಸಲ ಸರಿ ಮಾಡಿಸಿ.

ಏಜೆನ್ಸಿಯವ್ರು ‘ಇದೆಲ್ಲ ಎಕ್ಸ್‌ಟ್ರಾ ಸರ್, ಭಾರತದಲ್ಲಿ ಯಾರು ಕೇಳ್ತಾರೆ’ ಅಂದ್ರೆ, ಕೇಳ್ತಾರೆ ಅಂತ ಹೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿಗೆ ಮಾತ್ರ ಅಲ್ಲ, ಸಾರ್ವಜನಿಕರಿಗೆ ಸೇವೆ ಕೊಡುವ ಖಾಸಗಿಯವರ ಬಗ್ಗೆಯೂ ಮಾತಾಡ್ತದೆ. ವೆಬ್‌ಸೈಟ್, ಆ್ಯಪ್‌ಗಳು ಅಂಗವಿಕಲರಿಗೂ ಸಿಗುವ ಹಾಗೆ ಇರ್ಲಿಕ್ಕೆ ಐಎಸ್ 17802 ಅಂತ ಭಾರತದ್ದೇ ಸ್ಟ್ಯಾಂಡರ್ಡ್ ಬಂದಾಗಿದೆ. 2024ರ ನವೆಂಬರಲ್ಲಿ ರಾಜೀವ್ ರಾತುರಿ ಕೇಸಲ್ಲಿ ಸುಪ್ರೀಂ ಕೋರ್ಟ್, ಅಂಗವಿಕಲರ ಅನುಕೂಲದ ಈ ನಿಯಮಗಳು ಬರೀ ಸಲಹೆಯ ತರ ಇರ್ಬಾರ್ದು, ಕಡ್ಡಾಯ ಆಗ್ಬೇಕು ಅಂತು. 2025ರ ಏಪ್ರಿಲ್ 30ಕ್ಕೆ ಬಂದ ಇನ್ನೊಂದು ತೀರ್ಪು ಇನ್ನೂ ಮುಖ್ಯ, ಕೆವೈಸಿ ಮಾಡುವಾಗ ಕಣ್ಣು ಮಿಟುಕಿಸಿ ಅಂತ ಫೋನ್ ಹೇಳ್ತದಲ್ಲ, ಆಸಿಡ್ ದಾಳಿಯಲ್ಲಿ ಮುಖ ಕಣ್ಣು ಸುಟ್ಟವರಿಗೆ ಮಿಟುಕಿಸ್ಲಿಕ್ಕೆ ಆಗುದಿಲ್ಲ, ಅವ್ರು ಕೋರ್ಟಿಗೆ ಹೋದ್ರು, ಡಿಜಿಟಲ್ ಸೇವೆ ಸಿಗುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಕೋರ್ಟ್ ಹೇಳಿತು. ನಿಮ್ಮ ಸಂಘದ ಮೇಲೆ ನಾಳೆ ಯಾರೋ ಕೇಸ್ ಹಾಕ್ತಾರೆ ಅಂತ ಹೆದರಿಸ್ಲಿಕ್ಕೆ ಹೇಳಿದ್ದಲ್ಲ. ಸ್ಕಾಲರ್‌ಶಿಪ್ ಕೊಡುವ ಸಂಘ ಒಬ್ಬ ಹುಡುಗನಿಗೆ ಅರ್ಜಿಯನ್ನೇ ಹಾಕ್ಲಿಕ್ಕೆ ಆಗದ ಹಾಗೆ ಇಟ್ರೆ ಕಮಿಟಿಯವರಿಗೇ ಸರಿ ಅನ್ನಿಸ್ಲಿಕ್ಕಿಲ್ಲ.

ಪರೀಕ್ಷೆ ನೀವೇ ಮಾಡಿ, ಕನ್ಸಲ್ಟೆಂಟ್ ಬೇಡ. ಒಂದು ಭಾನುವಾರ ಭಜನೆ ಮುಗಿದ ಮೇಲೆ ಐದು ಜನರನ್ನ ಕೂರಿಸಿ, ಐದು ಜನರಲ್ಲೇ ಹೆಚ್ಚಿನ ತೊಂದ್ರೆಗಳು ಹೊರಗೆ ಬರ್ತವೆ ಅಂತ ವೆಬ್‌ಸೈಟ್ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2000ದಲ್ಲೇ ಲೆಕ್ಕ ಹಾಕಿ ಬರೆದಿದ್ದಾರೆ. ಎಪ್ಪತ್ತು ದಾಟಿದವ್ರು ಒಬ್ರು, ಮನೆಯಲ್ಲೇ ಇರುವ ಹೆಂಗಸರೊಬ್ರು, ಕಾಲೇಜಿನ ಮಗು ಒಂದು, ಹೀಗೆ. ಅವರವರ ಫೋನೇ ಇರ್ಬೇಕು, ಗೀಚು ಬಿದ್ದ ಸ್ಕ್ರೀನ್ ಇದ್ರೆ ಇನ್ನೂ ಒಳ್ಳೇದು. ‘ಸೈಟ್ ಹೇಗಿದೆ’ ಅಂತ ಕೇಳ್ಲೇಬೇಡಿ, ‘ಚೆಂದ ಉಂಟು’ ಅಂತಾರೆ, ಅಲ್ಲಿಗೆ ಮುಗೀತು. ‘ಡಿಸೆಂಬರ್ 14ಕ್ಕೆ ಹಾಲ್ ಖಾಲಿ ಉಂಟಾ ನೋಡಿ ಹೇಳಿ’, ‘ನಿಮ್ಮ ಮೆಂಬರ್‌ಶಿಪ್ ರಿನ್ಯೂ ಮಾಡಿ’ ಅಂತ ಕೆಲಸ ಕೊಡಿ, ಕೊಟ್ಟ ಮೇಲೆ ಬಾಯಿ ಮುಚ್ಚಿ ಕೂರಿ. ‘ಅಲ್ಲಿ ಅಲ್ಲಿ, ಮೇಲೆ ಮೂರು ಗೆರೆ ಉಂಟಲ್ಲ ಅಣ್ಣ’ ಅಂತ ಬೆರಳು ತೋರಿಸಿದ್ರೆ ಇಡೀ ಪರೀಕ್ಷೆ ದಂಡ. ಎಲ್ಲಿ ನಿಂತ್ರು, ಎಲ್ಲಿ ವಾಪಸ್ ಹೋದ್ರು ಬರ್ಕೊಳ್ಳಿ. ಏಜೆನ್ಸಿಯ ಒಬ್ಬರನ್ನೂ ಹಿಂದಿನ ಕುರ್ಚಿಯಲ್ಲಿ ಕೂರಿಸಿ, ನೀವು ಹತ್ತು ಪತ್ರ ಬರೆದ್ರೂ ಆಗದ್ದು ಅಲ್ಲಿ ಅರ್ಧ ಗಂಟೆಯಲ್ಲಿ ಆಗ್ತದೆ.

ಆ ಹುಡುಗನನ್ನ ಬೇರೆಯಾಗಿ ಕರೀರಿ, ಅವನ ಸಮಯಕ್ಕೆ ದುಡ್ಡು ಕೊಡಿ, ಅವ ಮಾಡುದು ಟೆಸ್ಟಿಂಗ್ ಕೆಲಸ, ಉಪಕಾರ ಅಲ್ಲ. ಇನ್ನೂ ಸಹಾಯ ಬೇಕಾದ್ರೆ ಸೇಂಟ್ ಝೇವಿಯರ್ಸ್ ಕಾಲೇಜಲ್ಲಿ 2003ರಿಂದ ಎಕ್ಸ್‌ಆರ್‌ಸಿವಿಸಿ ಅಂತ ದೃಷ್ಟಿದೋಷ ಇರುವವರ ಕೇಂದ್ರ ಉಂಟು, ವರ್ಲಿಯಲ್ಲಿ ನ್ಯಾಷನಲ್ ಅಸೋಸಿಯೇಷನ್ ಫಾರ್ ದಿ ಬ್ಲೈಂಡ್ ಉಂಟು, ಕೇಳಿ ನೋಡ್ಬಹುದು. ನೀವೇ ಮಾಡುವ ಇನ್ನೊಂದು ಸಣ್ಣ ಪರೀಕ್ಷೆ, ಆಫೀಸಿನ ಕಂಪ್ಯೂಟರಿನ ಮೌಸ್ ತೆಗೆದಿಟ್ಟು ಬರೀ ಕೀಬೋರ್ಡಲ್ಲಿ ಅರ್ಜಿ ಕಳಿಸ್ಲಿಕ್ಕೆ ಆಗ್ತದಾ ಅಂತ.

ಏಜೆನ್ಸಿಗೆ ಬರೆಯುವಾಗ ‘ಯೂಸರ್ ಫ್ರೆಂಡ್ಲಿ ಮಾಡಿ’ ಅಂತ ಬರೀಬೇಡಿ, ಅದಕ್ಕೆ ಅರ್ಥವೇ ಇಲ್ಲ. ಡಬ್ಲ್ಯುಸಿಎಜಿ 2.2ರ ಎಎ (ಮೂರು ಮಟ್ಟಗಳಲ್ಲಿ ನಡುವಿನದ್ದು) ಮಟ್ಟ ಅಂತ ಬರೆಯಿರಿ, ಅದರ ಕೆಳಗೆ ನಾನು ಮೇಲೆ ಹೇಳಿದ್ದನ್ನ ಒಂದೊಂದಾಗಿ ಹಾಕಿ. ಕೊನೆ ಕಂತು ಬಾಕಿ ಇದ್ರೆ ಅದನ್ನ ಇದಕ್ಕೆ ಜೋಡಿಸಿ. ಜೂನಿಗೆ ಮೊದ್ಲು ಫಾರ್ಮ್, ಬಟನ್, ಅಕ್ಷರದ ಬಣ್ಣ, ಝೂಮ್ ಇಷ್ಟು ಆಗ್ಲೇಬೇಕು, ಅನಿಮೇಷನ್ ಮತ್ತೆ ಪಿಡಿಎಫ್ ಗಣೇಶ ಚೌತಿ ತನಕ ಕಾಯ್ಬಹುದು, ಒಡೆದ ‘ಕನ್ನಡ’ ಒಂದನ್ನ ಮಾತ್ರ ನಾಳೆಯೇ ಸರಿ ಮಾಡಿಸಿ, ನೋಡ್ಲಿಕ್ಕಾಗುದಿಲ್ಲ. ಕಾಗದದ ಫಾರ್ಮ್ ಕೌಂಟರಲ್ಲಿ ಇರ್ಲಿ, ಆಫೀಸಿನ ಫೋನ್ ನಂಬರ್ ಎಲ್ಲ ಪುಟದ ಮೇಲೆ ದೊಡ್ಡದಾಗಿ ಇರ್ಲಿ. ಬಣ್ಣ, ಲೇಬಲ್, ಬಟನ್ ಎಲ್ಲ ಸೇರಿ ಒಬ್ಬ ಡೆವಲಪರಿಗೆ ಒಂದೆರಡು ವಾರದ ಕೆಲಸ, ಅದಕ್ಕೆ ಹೊಸ ಸೈಟಿನ ರೇಟ್ ಹಾಕಿ ಕೊಟೇಶನ್ ಕೊಟ್ರೆ ಸಹಿ ಹಾಕುವ ಮೊದ್ಲು ನಂಗೊಂದು ಕಾಪಿ ಕಳಿಸಿ, ನೋಡಿ ಹೇಳ್ತೇನೆ.